ಒಂದು ನಂಬರು, ಎರಡು ಲಕೋಟೆ: ಮೇಕನ್‌ನಲ್ಲಿ ನಾನು ನಡೆಸಿದ ಜೋಡಿ ಚೀಟಿ

ನಾನು ನಡೆಸಿದ ಮೂರನೇ ಚೀಟಿ ಕಳೆದ ತಿಂಗಳು ಮುಗಿಯಿತು. ಒಟ್ಟಿಗೆ ಬದುಕುವ ಗಂಡು ಹೆಣ್ಣಿನ ಹತ್ತು ಜೋಡಿ, ಹತ್ತು ತಿಂಗಳು, ಒಂದು ಕಂತೂ ತಪ್ಪಲಿಲ್ಲ. ಶುರು ಮಾಡಿದಾಗ ಬೇಡ ಅಂದವರೇ ಹೆಚ್ಚು. ಪರರ ಸಂಸಾರದೊಳಗೆ ನೀನ್ಯಾಕೆ ಕೈ ಹಾಕ್ತೀಯ ಅಂತ ನಮ್ಮ ಮನೆಯವರು. ಗಂಡಸಿನ ದುಡ್ಡಿನ ಜೊತೆ ನಮ್ಮ ದುಡ್ಡು ಬೆರೆಸೋ ಮಾತೇ ಎತ್ತಬೇಡ ಅಂತ ಇಲ್ಲಿನ ಬ್ಲ್ಯಾಕ್ (ಆಫ್ರಿಕನ್ ಅಮೆರಿಕನ್) ಗೆಳತಿಯರು. ಈಗ ಅದೇ ಗೆಳತಿಯರಲ್ಲಿ ಇಬ್ಬರು ಮುಂದಿನ ಚೀಟಿಗೆ ಹೆಸರು ಕೊಟ್ಟಿದ್ದಾರೆ. ಊರಲ್ಲಿ ಚೀಟಿ ಹಾಕಿದವರಿಗೆ ಬುಡದಿಂದ ವಿವರಿಸುವ ಅಗತ್ಯವಿಲ್ಲ, ನಾನು ಎಲ್ಲಿ ಎಡವಿದೆ, ಏನು ಬದಲಾಯಿಸಿದೆ ಅನ್ನೋದಷ್ಟೇ ಬರೆಯುತ್ತೇನೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್‌ನಲ್ಲಿ ಹದಿನಾರು ವರ್ಷದಿಂದ ಟ್ಯಾಕ್ಸ್ ಫಾರಂ ತುಂಬಿಕೊಡುವ ಕೆಲಸ ನನ್ನದು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಬ್ಲ್ಯಾಕ್ ಸಂಸಾರಗಳು, ಬಹಳಷ್ಟು ಜನ ಪ್ಲೆಸೆಂಟ್ ಹಿಲ್ ಕಡೆಯವರು. ಐ-75 ಹೆದ್ದಾರಿ ನಡುವೆ ಸೀಳಿಕೊಂಡು ಹೋದ ಕೇರಿ ಅದು. ಫಾರಂ ತುಂಬುವಾಗ ಮನೆಯ ಒಳಗೆಲ್ಲ ಕಾಣುತ್ತದೆ. ಒಂದು ಜೋಡಿ ಎಂಟು ವರ್ಷದಿಂದ ಒಟ್ಟಿಗೆ ಇದ್ದಾರೆ, ಎರಡು ಮಕ್ಕಳು, ಕಾಗದದ ಮೇಲೆ ಮದುವೆಯಿಲ್ಲ. ಯಾಕೆ ಅಂತ ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಇಬ್ಬರೂ ವರ್ಷಕ್ಕೆ ಸುಮಾರು 28,000 ಡಾಲರ್ ದುಡಿಯುವವರು ಅಂತಿಟ್ಟುಕೊಳ್ಳಿ. ಮಕ್ಕಳು ಒಬ್ಬರ ಹೆಸರಿನಲ್ಲಿದ್ದರೆ ಇಐಟಿಸಿ, ಅಂದರೆ ಕಡಿಮೆ ಆದಾಯದ ದುಡಿಯುವವರಿಗೆ ಟ್ಯಾಕ್ಸ್ ಫಾರಂ ಮೂಲಕ ಸರ್ಕಾರ ಕೊಡುವ ಹಣ, ಐದು ಸಾವಿರಕ್ಕಿಂತ ಹೆಚ್ಚೇ ಬರುತ್ತದೆ. ಮದುವೆಯಾಗಿ ಇಬ್ಬರ ಆದಾಯವನ್ನೂ ಒಂದೇ ಫಾರಂನಲ್ಲಿ ತೋರಿಸಿದರೆ ಅದರಲ್ಲಿ ಬಹುಪಾಲು ಹೋಯಿತು. ಬೇರೆಬೇರೆ ಇದ್ದವರ ಕೈಗೆ ದುಡ್ಡು, ಕೂಡಿದವರಿಗೆ ದಂಡ.

ಇದು ಇವತ್ತಿನದಲ್ಲ. ನನ್ನ ಹಳೆಯ ಗಿರಾಕಿ ಒಬ್ಬ ಅಜ್ಜಿ ಅಲಬಾಮಾದಲ್ಲಿ ಬೆಳೆದವರು. ಸರ್ಕಾರದ ಸಹಾಯಧನ ಕೊಡುವ ಇಲಾಖೆಯವರು ಮನೆ ತಪಾಸಣೆಗೆ ಬಂದರೆ, ಅವರ ತಾಯಿ ಅಪ್ಪನ ಬೂಟನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಡುತ್ತಿದ್ದರಂತೆ. ಮನೆಯಲ್ಲಿ ಗಂಡಸಿನ ಸುಳಿವು ಸಿಕ್ಕರೆ ಮಕ್ಕಳ ಪಾಲಿನ ಹಣ ನಿಲ್ಲುತ್ತಿತ್ತು. ಅಲಬಾಮಾದ ಆ ನಿಯಮವನ್ನು 1968ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ನಿಯಮ ಹೋಯಿತು, ಬೂಟು ಬಚ್ಚಿಟ್ಟ ಮನೆಯಲ್ಲಿ ಬೆಳೆದ ಮಗಳು ತನ್ನ ಮಗಳಿಗೆ ಹೇಳಿದ್ದು ಒಂದೇ ಮಾತು: ನಿನ್ನ ದುಡ್ಡು ನಿನ್ನ ಹತ್ತಿರವೇ ಇರಲಿ. ಬ್ಲ್ಯಾಕ್ ಹೆಂಗಸರ ಸ್ವಾವಲಂಬನೆಯನ್ನು ಗರ್ವ ಅಂತ ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಅವರು ಕಟ್ಟಿಕೊಂಡ ವಿಮೆ.

ನಮ್ಮಮ್ಮ ದಾವಣಗೆರೆಯಲ್ಲಿ ಇಪ್ಪತ್ತು ವರ್ಷ ಚೀಟಿ ನಡೆಸಿದವರು. ನನಗೆ ತಿಳಿದದ್ದು ಅದೊಂದೇ ವಿದ್ಯೆ. ಇಲ್ಲಿಯವರಿಗೂ ಅದು ಹೊಸದೇನಲ್ಲ. ಪಶ್ಚಿಮ ಆಫ್ರಿಕಾದ ಯೊರುಬಾ ಜನರ 'ಎಸುಸು' ಟ್ರಿನಿಡಾಡ್‌ನಲ್ಲಿ 'ಸುಸು' ಆಗಿದೆ. ಜಮೈಕಾದವರು ಚೀಟಿಗೆ 'ಪಾರ್ಟ್ನರ್' ಅಂತಲೇ ಹೆಸರಿಟ್ಟಿದ್ದಾರೆ. ಆ ಹೆಸರು ಕೇಳಿದ ದಿನವೇ ಜೋಡಿ ಚೀಟಿ ನನ್ನ ತಲೆಗೆ ಬಂದದ್ದು.

ಮೊದಲನೆಯದು ನಾಲ್ಕೇ ತಿಂಗಳಿಗೆ ನಿಂತಿತು. ಎಂಟು ಜನ, ತಿಂಗಳಿಗೆ 150 ಡಾಲರ್, ನಮ್ಮ ಪದ್ಧತಿಯಂತೆ ಸವಾಲು ಕೂಗಿಸಿದೆ: ಹೆಚ್ಚು ಬಿಟ್ಟುಕೊಟ್ಟವರಿಗೆ ಆ ತಿಂಗಳ ಹಣ. ಅವಸರ ಇದ್ದವಳು ಇನ್ನೂರು ಬಿಟ್ಟು ಎತ್ತಿದಳು. ಬಿಟ್ಟ ಹಣ ಹಂಚಲು ಹೋದರೆ ಒಬ್ಬರೂ ಮುಟ್ಟಲಿಲ್ಲ. ಅವಳ ಕಷ್ಟದಲ್ಲಿ ನಮಗೆ ಲಾಭ ಬೇಡ ಅಂದುಬಿಟ್ಟರು. ಸವಾಲನ್ನು ಅವತ್ತೇ ಕೈಬಿಟ್ಟೆ.

ಎರಡನೆಯದರಲ್ಲಿ ಕೈ ಸುಟ್ಟಿತು. ಮನೆಗೊಂದು ನಂಬರು (ಚೀಟಿಯ ಒಂದು ಪಾಲು), ಒಂದು ಹೆಸರು, 200 ಡಾಲರ್ ಕಂತು ಅಂತ ಮಾಡಿದೆ. ಹತ್ತರಲ್ಲಿ ಒಂಬತ್ತು ಹೆಸರು ಹೆಂಗಸರದ್ದೇ. ಗಂಡಸರು ನಾವು ಚೀಟಿಗೆ ಸೇರುತ್ತಿದ್ದ ಚರ್ಚಿನ ನೆಲಮಾಳಿಗೆಯ ಬಾಗಿಲಲ್ಲಿ ಕಾರಿನ ಕೀ ತಿರುಗಿಸುತ್ತಾ ನಿಂತಿರುತ್ತಿದ್ದರು. ತಾವು ಕೊಟ್ಟ ದುಡ್ಡೂ ಅವಳ ಹೆಸರಿಗೇ, ತಾವು ಕೊಡದಿದ್ದರೂ ಅವಳದ್ದೇ ಜವಾಬ್ದಾರಿ. ಇದ್ದ ಒಬ್ಬನೇ ಗಂಡಸು ಮೂರನೇ ತಿಂಗಳು ಚೀಟಿ ಎತ್ತಿ ಊರು ಬಿಟ್ಟ. ಉಳಿದ ಏಳು ಕಂತು, 1,400 ಡಾಲರ್, ನಾನೇ ಕಟ್ಟಿದೆ. ಆ ವರ್ಷ ಊರಿಗೆ ಹೋಗಲು ಇಟ್ಟಿದ್ದ ಟಿಕೆಟಿನ ಹಣ ಅದು. ಅವನೊಬ್ಬನ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬಹುದಿತ್ತು. ಆದರೆ ಇಬ್ಬರು ಬದುಕುವ ಮನೆಗೆ ಒಂದೇ ಹೆಸರು ಬರೆದವಳು ನಾನು.

ಮೂರನೆಯದಕ್ಕೆ ನಂಬರು ಒಂದೇ ಇಟ್ಟು ಲಕೋಟೆ ಎರಡು ಮಾಡಿದೆ. ಅವಳದ್ದು ನೂರು, ಅವನದ್ದು ನೂರು, ಅವರವರ ಸ್ವಂತ ಖಾತೆಯಿಂದ. ತಿಂಗಳಿಗೆ 2,000 ಡಾಲರ್ ಕೂಡುತ್ತದೆ. ಎತ್ತುವಾಗ ಎರಡು ಸಹಿ ಬೇಕು. ಅರ್ಧ ಅವಳು ಹೇಳಿದ ಕೆಲಸಕ್ಕೆ, ಅರ್ಧ ಅವನು ಹೇಳಿದ್ದಕ್ಕೆ, ಒಬ್ಬರ ಅರ್ಧವನ್ನು ಇನ್ನೊಬ್ಬರು ಪ್ರಶ್ನಿಸುವಂತಿಲ್ಲ. ಮುಖ್ಯವಾದದ್ದು ಇನ್ನೊಂದು: ಯಾರ ಲಕೋಟೆಯಲ್ಲಾದರೂ ಕಡಿಮೆ ಬಿದ್ದರೆ ಜೊತೆಗಾರರನ್ನು ಬಾಯಿಬಿಟ್ಟು ಕೇಳಬೇಕು, ಕೇಳಿದ್ದನ್ನು ನನ್ನ ಕೆಂಪು ಪುಸ್ತಕದಲ್ಲಿ ಬರೆಸಬೇಕು. ಕೇಳದೇ ತುಂಬಿಕೊಡುವಂತಿಲ್ಲ, ಹೊರಗೆ ಸಾಲ ಮಾಡಿ ತರುವಂತಿಲ್ಲ.

ಮೊದಲ ನಾಲ್ಕು ತಿಂಗಳು ಪುಸ್ತಕದಲ್ಲಿ ಗಂಡಸರ ಹೆಸರೇ. ಒಬ್ಬ ಹೆಂಗಸೂ ಕೇಳಲಿಲ್ಲ. ಎಲ್ಲರ ಕೈಯೂ ತುಂಬಿತ್ತು ಅಂತಲ್ಲ, ರಾತ್ರಿ ಪಾಳಿ ಹೆಚ್ಚಿಸಿಕೊಂಡು ತರುತ್ತಿದ್ದರು. ಐದನೇ ತಿಂಗಳು ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಒಬ್ಬಳು ತಡವಾಗಿ ಬಂದಳು. ಕಾರು ಕೆಟ್ಟಿತ್ತು, ಲಕೋಟೆಯಲ್ಲಿ ನಲವತ್ತೇ ಇತ್ತು. ಅದನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಿ ಸುಮಾರು ಹೊತ್ತು ಕೂತಳು. ಆಮೇಲೆ ಅವನ ಕಡೆ ತಿರುಗದೆಯೇ, ಅರವತ್ತು ಬೇಕಿತ್ತು, ಅಂದಳು. ಅವನು ಮೂರು ಇಪ್ಪತ್ತರ ನೋಟು ತೆಗೆದ. ಲಕೋಟೆಗೆ ತಾನೇ ಹಾಕಲಿಲ್ಲ, ಅವಳ ಕೈಯಲ್ಲಿಟ್ಟ. ಎಂಟು ವರ್ಷದಲ್ಲಿ ಇದೇ ಮೊದಲು ಅಂದ. ನಾನು ಪುಸ್ತಕದಲ್ಲಿ ಬರೆಯಲು ಹೋದರೆ ಪೆನ್ನು ಕಸಿದುಕೊಂಡು ಅವಳೇ ಬರೆದಳು. ಅದಾದ ಮೇಲೆ ಉಳಿದವರೂ ಕೇಳತೊಡಗಿದರು. ನೆನಪಿನ ಮೇಲೆ ಹೇಳುವುದಾದರೆ ಕೊನೆಗೆ ಗಂಡಸರದ್ದು ಇಪ್ಪತ್ತೈದು ಸಲ, ಹೆಂಗಸರದ್ದು ಹದಿನಾಲ್ಕೋ ಹದಿನೈದೋ.

ಅದರ ಮುಂದಿನ ಭಾನುವಾರ ಚರ್ಚಿನ ಹಿರಿಯರೊಬ್ಬರು ಎಲ್ಲರಿಗೂ ಎಲೆನ್ ಮತ್ತು ವಿಲಿಯಂ ಕ್ರಾಫ್ಟ್ ಕಥೆ ಹೇಳಿದರು. ಇದೇ ಮೇಕನ್‌ನ ಗುಲಾಮ ದಂಪತಿ. 1848ರ ಡಿಸೆಂಬರ್‌ನಲ್ಲಿ ತಪ್ಪಿಸಿಕೊಂಡರು. ಬೆಳ್ಳಗಿದ್ದ ಎಲೆನ್ ಕಾಯಿಲೆಯ ಬಿಳಿ ಯಜಮಾನನ ವೇಷ ಹಾಕಿದಳು, ವಿಲಿಯಂ ಅವಳ ಆಳಾದ. ಅವನು ಬಡಗಿ ಕೆಲಸದಲ್ಲಿ ಉಳಿಸಿದ ದುಡ್ಡಿನಿಂದ ವೇಷದ ಸಾಮಾನು ಕೊಂಡ, ಪ್ಯಾಂಟನ್ನು ಅವಳೇ ಹೊಲಿದಳು, ಅವಳ ಕೂದಲನ್ನು ಅವನು ಕತ್ತರಿಸಿದ. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಸಹಿ ಕೇಳಿಯಾರು ಅಂತ ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಳು. ರೈಲು, ಹಡಗು ಹಿಡಿದು ಕ್ರಿಸ್‌ಮಸ್ ದಿನ ಫಿಲಡೆಲ್ಫಿಯಾ ಮುಟ್ಟಿದರು. ಅವಳಿಲ್ಲದೆ ಅವನು ಆ ಬೋಗಿ ಹತ್ತುವಂತಿರಲಿಲ್ಲ, ಅವನಿಲ್ಲದೆ ಅವಳ ವೇಷ ಒಂದು ನಿಲ್ದಾಣ ದಾಟುತ್ತಿರಲಿಲ್ಲ. ಹಿರಿಯರು ಇಷ್ಟು ಹೇಳಿ ಕೂತರು. ಇಷ್ಟು ವರ್ಷ ಇದೇ ಊರಲ್ಲಿದ್ದು ನನಗೆ ಈ ಕಥೆ ಗೊತ್ತಿರಲಿಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತದೆ.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ತಿಂಗಳಿಗೊಂದು ಶನಿವಾರ ಹೆಣ್ಣುಮಕ್ಕಳ ಜಡೆ ಅಪ್ಪಂದಿರ ಪಾಲಿಗೆ ಅಂತ ಇಟ್ಟೆ. ಬ್ಲ್ಯಾಕ್ ಮಕ್ಕಳ ಕೂದಲು ತೊಳೆದು, ಸಿಕ್ಕು ಬಿಡಿಸಿ, ಹೆಣೆಯೋದು ಮೂರು ನಾಲ್ಕು ಗಂಟೆಯ ಕೆಲಸ. ಆರು ಜನ ಕಲಿತರು, ಒಬ್ಬ ಎಷ್ಟು ಚೆನ್ನಾಗಿ ಕಲಿತನೆಂದರೆ ಪಕ್ಕದ ಮನೆಯ ಮಕ್ಕಳೂ ಅವನ ಹತ್ತಿರವೇ ಕೂರುತ್ತಾರೆ. ಮನೆಖರ್ಚನ್ನೂ ಇದೇ ಎರಡು ಲಕೋಟೆಗೆ ತರಲು ಹೋದದ್ದು ಮಾತ್ರ ಎರಡೇ ವಾರಕ್ಕೆ ಮುಗಿಯಿತು. ಎಲ್ಲದಕ್ಕೂ ಲೆಕ್ಕ ಇಟ್ಟರೆ ಮನೆ ಅಂಗಡಿಯಾಗುತ್ತದೆ, ನೀವು ಆ ದಾರಿ ಹಿಡಿಯಬೇಡಿ.

ಯಾರಿಗೆ ಯಾವ ತಿಂಗಳು ಅನ್ನೋದನ್ನು ಹೇಗೆ ಗೊತ್ತುಮಾಡುತ್ತೇನೆ ಅಂತ ತುಂಬ ಜನ ಕೇಳಿದ್ದಾರೆ. ಅದು ಅಮ್ಮನಿಂದ ಬಂದದ್ದು, ಇಲ್ಲಿ ಬರೆಯೋದಿಲ್ಲ. ಸೇರುವ ಮೊದಲು ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳುವ ಒಂದು ಪ್ರಶ್ನೆಯೂ ನನ್ನಲ್ಲೇ ಇರಲಿ. ಎರಡು ಉತ್ತರ ತೀರಾ ಒಂದೇ ಆಗಿದ್ದರೆ ನಾನು ಆ ಜೋಡಿಯನ್ನು ಸೇರಿಸಿಕೊಳ್ಳುವುದಿಲ್ಲ, ಇಷ್ಟು ಹೇಳಬಲ್ಲೆ.

ಮೂರನೇ ಚೀಟಿಯ ದುಡ್ಡು ಎಲ್ಲಿ ಹೋಯಿತು ಅಂದರೆ: ಎರಡು ಕಾರಿನ ರಿಪೇರಿ, ಒಂದು ಟ್ರಕ್ ಲೈಸೆನ್ಸ್ ತರಬೇತಿ, ನರ್ಸಿಂಗ್ ಕೋರ್ಸಿನ ಮೊದಲ ಕಂತು, ಒಂದು ಮನೆಯ ಚಾವಣಿ, ಹಳೆಯ ಕಾರ್ಡ್ ಸಾಲಗಳು. ಇಬ್ಬರು ಮದುವೆಯಾದರು. ಇಐಟಿಸಿ ಹೋಗುತ್ತದೆ ಅಂತ ಫಾರಂ ತುಂಬಿ ತೋರಿಸಿದವಳು ನಾನೇ. ಗೊತ್ತು ಅಂದರು. ಒಂದು ಜೋಡಿ ಬೇರೆಯಾಯಿತು, ಆದರೂ ಉಳಿದ ಮೂರು ತಿಂಗಳು ಎರಡೂ ಲಕೋಟೆ ಹೊತ್ತಿಗೆ ಸರಿಯಾಗಿ ಬಂದವು.

ಜನವರಿಗೆ ನಾಲ್ಕನೆಯದು. ಹನ್ನೆರಡು ಜೋಡಿ. ಪುಸ್ತಕ ಈ ಸಲ ಆ ಅರವತ್ತು ಡಾಲರಿನ ಹೆಂಗಸಿನ ಕೈಯಲ್ಲಿರುತ್ತದೆ. ಒಬ್ಬ ತಾಯಿ ಮತ್ತು ದುಡಿಯುವ ಮಗ ಒಂದು ಜೋಡಿಯಾಗಿ ಸೇರಲು ಕೇಳಿದ್ದಾರೆ. ಸೇರಿಸಿಕೊಳ್ಳಲೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದ್ದೇನೆ. ತಾಯಿ ಮಕ್ಕಳನ್ನು ಒಂದೇ ನಂಬರಿಗೆ ಹಾಕಿ ಚೀಟಿ ನಡೆಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಎತ್ತುವ ತಿಂಗಳು ಏನಾಯಿತು ಅಂತ ಬರೆಯಿರಿ.