ಟ್ರಾಂಡ್‌ಹೈಮ್‌ನಲ್ಲಿ ಕೈ ಹಿಡಿದ ಣ ಮತ್ತು ಞ

ಎಕ್ಸ್‌ಚೇಂಜ್ ಸೀಟು ಖಚಿತವಾದ ಮೇಲೆ ಬೆಂಗಳೂರಲ್ಲೇ ಕೂತು ಒಂದಷ್ಟು ನಾರ್ವೇಜಿಯನ್ ಕಲಿತಿದ್ದೆ. ನಾರ್ವೆಯ ಟ್ರಾಂಡ್‌ಹೈಮ್‌ನ ಯೂನಿವರ್ಸಿಟಿ ಎನ್‌ಟಿಎನ್‌ಯು ತನ್ನ ಆರಂಭದ ಪಾಠಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆಯಾಗಿ ಇಟ್ಟಿದೆ, ಹೋಗುವವರು ಅದನ್ನೇ ಹಿಡಿಯಿರಿ. ಅಲ್ಲಿರುವುದು ಬುಕ್‌ಮೋಲ್, ಅಂದರೆ ಅಲ್ಲಿನವರು ಹೆಚ್ಚಾಗಿ ಬರೆಯುವ ರೂಪ. ಆದರೆ ಮಾತಿಗೆ ಅಂಥದ್ದೊಂದು ಶಿಷ್ಟ ರೂಪ ಅಂತ ಇಲ್ಲ. ಕ್ಲಾಸಿನಲ್ಲಿ, ಪಾರ್ಲಿಮೆಂಟಿನಲ್ಲಿ, ಎಲ್ಲಿ ಹೋದರೂ ಅವರವರ ಊರಿನ ಮಾತೇ. ನಾನು ಕಲಿತಿದ್ದು 'ಯಾಯ್', ಟ್ರಾಂಡ್‌ಹೈಮ್‌ನವರು 'ನಾನು' ಅನ್ನುವುದಕ್ಕೆ ಬರೀ 'ಆ್ಯ' ಅಂತಾರೆ. 'ಇಕ್ಕೆ' ಅಂತ ಕಲಿತ 'ಇಲ್ಲ' ಅಲ್ಲಿ 'ಇಚ್'. ಕ್ರಿಯಾಪದದ ಬಾಲವನ್ನಂತೂ ಕತ್ತರಿಸಿಯೇ ಬಿಡುತ್ತಾರೆ. ಪುಸ್ತಕದ ಕನ್ನಡ ಕಲಿತು ಸೀದಾ ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರ ಪಾಡು ನನ್ನದು.

ಕೈ ಹಿಡಿದದ್ದು ನಮ್ಮ ವರ್ಣಮಾಲೆ. ಅಲ್ಲಿನವರ ಮಾತಲ್ಲಿ 'ರ್' ಮುಂದೆ 'ನ' ಅಥವಾ 'ತ' ಬಂದರೆ ಎರಡೂ ಸೇರಿ ನಾಲಿಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮಗುವಿಗೆ 'ಬಾರ್ನ್' ಅಂತ ಬರೆಯುತ್ತಾರೆ, ಕೇಳಿಸುವುದು 'ಬಾಣ್'. ಮ್ಯಾಪಿಗೆ 'ಕಾರ್ತ್' ಅಂತ ಬರೆದು 'ಕಾಟ್' ಅನ್ನುತ್ತಾರೆ. ಜೊತೆಗಿದ್ದ ಯುರೋಪಿನ ಹುಡುಗರು ಇದಕ್ಕೆ ಒದ್ದಾಡುತ್ತಿದ್ದರೆ ನಾನು ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಬರೆದುಕೊಂಡು ಓದುತ್ತಿದ್ದೆ. ಇನ್ನೂ ಮಜಾ ಅಂದ್ರೆ, ಟ್ರಾಂಡ್‌ಹೈಮ್ ಕಡೆ ಗಂಡಸಿಗೆ ಹೇಳುವ 'ಮಾನ್' ಅನ್ನುವ ಪದ 'ಮಞ್' ಥರ ಕೇಳುತ್ತದೆ. ಶಾಲೆಯಲ್ಲಿ ಕಲಿತ ಮೇಲೆ ಞ ಬಳಸಿದ್ದೇ ನೆನಪಿರಲಿಲ್ಲ, ಅದಕ್ಕೂ ಕೆಲಸ ಸಿಕ್ಕಿತು! ಆದರೆ ಅವರ ಕೆಲವು ಸ್ವರಗಳಿಗೆ ನಮ್ಮಲ್ಲಿ ಅಕ್ಷರ ಇಲ್ಲ. ಒಂದಕ್ಕೆ 'ಉ' ಅನ್ನುವ ಹಾಗೆ ತುಟಿ ಇಟ್ಟುಕೊಂಡು 'ಈ' ಅನ್ನಬೇಕು, ಕನ್ನಡಿ ಮುಂದೆ ನಿಂತೇ ಕಲಿಯಬೇಕು.

ದೊಡ್ಡ ಅಡ್ಡಿ ಇಂಗ್ಲಿಷ್. ನೀವು ಒಂದು ವಾಕ್ಯ ತಡವರಿಸಿದರೆ ಸಾಕು, ಅವರು ಒಳ್ಳೆಯ ಮನಸ್ಸಿನಿಂದಲೇ ಇಂಗ್ಲಿಷಿಗೆ ಹೊರಳುತ್ತಾರೆ. ನಾನು ಮಾತ್ರ ನಾರ್ವೇಜಿಯನ್ ಬಿಡುತ್ತಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಕೇಳಲಿ, ನಾನು ಅವರದೇ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರೇ ವಾಪಸ್ ಬರುತ್ತಿದ್ದರು. ಲೈಬ್ರರಿಗಳಲ್ಲಿ ಭಾಷಾ ಕೆಫೆ ಅಂತ ನಡೆಯುತ್ತದೆ. ಅಲ್ಲಿಗೆ ಬರುವ ನಿವೃತ್ತರು ಸಿಕ್ಕರೆ ಬಿಡಬೇಡಿ, ಅವರಿಗೆ ಅವಸರ ಇರಲ್ಲ.

ರೀತಿ ರಿವಾಜಿನಲ್ಲಿ ಚಪ್ಪಲಿ ಹೊರಗೆ ಬಿಡುವುದು ನಮ್ಮದೇ, ಹೇಳಿಕೊಡಬೇಕಿಲ್ಲ. ಊಟ ಮಾತ್ರ ಬೇರೆ. ಮಧ್ಯಾಹ್ನ ಎಲ್ಲರೂ ಬ್ಯಾಗಿನಿಂದ ಮಾತ್‌ಪಾಕ್ಕೆ ತೆಗೆಯುತ್ತಾರೆ. ಮನೆಯಿಂದ ಕಟ್ಟಿ ತಂದ ಬ್ರೆಡ್, ಪ್ರತಿ ಹೋಳಿನ ಮೇಲೂ ಚೀಸ್, ಕಂದು ಚೀಸ್ ಅಥವಾ ಇನ್ನೇನೋ, ಒಂದಕ್ಕೊಂದು ಅಂಟದಿರಲಿ ಅಂತ ನಡುವೆ ಆ ಅಳತೆಗೇ ಕತ್ತರಿಸಿದ ತೆಳು ಕಾಗದ. ಆ ಕಾಗದ ಅಂಗಡಿಯಲ್ಲಿ ಪ್ರತ್ಯೇಕವಾಗಿ ಸಿಗುತ್ತದೆ! ತಣ್ಣಗಿನ ಬ್ರೆಡ್ಡು ಮಧ್ಯಾಹ್ನದ ಊಟ ಅಂತ ನನ್ನ ಹೊಟ್ಟೆ ಕೊನೆಗೂ ಒಪ್ಪಲಿಲ್ಲ. ಆದರೂ ತಗೊಂಡು ಹೋಗುತ್ತಿದ್ದೆ, ಯಾಕಂದ್ರೆ ಮಾತು ನಡೆಯುತ್ತಿದ್ದದ್ದು ಆ ಟೇಬಲ್ಲಿನಲ್ಲೇ.

ಅಪರಿಚಿತರ ಜೊತೆ ಸುಮ್ನೆ ಹರಟುವುದು ಅಲ್ಲಿ ಕಡಿಮೆ. ಬಸ್ಸಿನಲ್ಲಿ ಖಾಲಿ ಸಾಲಿದ್ದರೆ ನಿಮ್ಮ ಪಕ್ಕ ಯಾರೂ ಕೂರಲ್ಲ, ಬೇಜಾರು ಮಾಡ್ಕೋಬೇಡಿ. ಜನ ಸಲೀಸಾಗುವುದು ದೂಗ್ನಾದ್‌ನಲ್ಲಿ. ಅಂದರೆ ಎಲ್ಲರೂ ಸೇರಿ ಸಂಬಳವಿಲ್ಲದೆ ಮಾಡುವ ಕೆಲಸ. ಚಳಿಗಾಲದಲ್ಲಿ ಜಾರದಿರಲಿ ಅಂತ ಮಂಜುಗಡ್ಡೆ ಮೇಲೆ ಸಣ್ಣ ಜಲ್ಲಿ ಹರಡಿರುತ್ತಾರಲ್ಲ, ವಸಂತದಲ್ಲಿ ಅದನ್ನು ಗುಡಿಸುವುದು ನಮ್ಮ ಕಟ್ಟಡದ ದೂಗ್ನಾದ್. ಕೈಗೊಂದು ಪೊರಕೆ ಕೊಟ್ಟರು, ಕೆಲಸ ಮುಗಿದ ಮೇಲೆ ಬಿಸಿ ವಾಫಲ್, ಕಾಫಿ. ಇಡೀ ಚಳಿಗಾಲ ಮೆಟ್ಟಿಲಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದ ಪಕ್ಕದ ರೂಮಿನವನು ಗುಡಿಸುತ್ತಾ ಗುಡಿಸುತ್ತಾ ತನ್ನ ಊರು, ಮೀನು ಹಿಡಿಯುವ ಜಾಗ ಎಲ್ಲಾ ಹೇಳಿದ, ಅದೂ ಒಂದೇ ಒಂದು ಇಂಗ್ಲಿಷ್ ಪದ ಇಲ್ಲದೆ. ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ 'ಆ್ಯ ಶೋನ್ನ ಇಚ್' ಅಂದೆ, ನಂಗೆ ಅರ್ಥ ಆಗ್ತಿಲ್ಲ ಅಂತ. ಅವನು ನಕ್ಕು, ನಿಧಾನಕ್ಕೆ ಮೊದಲಿಂದ ಶುರು ಮಾಡಿದ.