ಹಳೆಯ ಜೋಗುಳವನ್ನು ಹೊಸ ನಾಟಕದೊಳಗೆ ತಂದ ಬಗೆ: ನನ್ನ ಅನುಭವ

ಕಳೆದ ಚಳಿಗಾಲದಲ್ಲಿ ನಮ್ಮ ತಂಡದ ಹೊಸ ನಾಟಕ ಸಾಗರದಲ್ಲಿ ಮೊದಲ ಪ್ರದರ್ಶನ ಕಂಡ ರಾತ್ರಿ, ಕೊನೆಯ ದೃಶ್ಯದ ಹಾಡು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹಿಂದೆ ಕುಳಿತಿದ್ದ ಕೆಲವರು ಗುನುಗತೊಡಗಿದರು. ಅವರು ಗುನುಗಿದ್ದು ಆ ಹಾಡನ್ನಲ್ಲ, 1997ರಲ್ಲಿ ನಾನೇ ಬೇರೊಂದು ನಾಟಕಕ್ಕೆ ಕಟ್ಟಿದ್ದ ಜೋಗುಳವನ್ನು. ವೇದಿಕೆಯ ಮೇಲೆ ಮಧ್ಯಮಾವತಿ ರಾಗ ನಡೆಯುತ್ತಿತ್ತು, ಅವರ ಗಂಟಲಲ್ಲಿ ಮೋಹನ ರಾಗ ಇತ್ತು. ಆದರೂ ಎಲ್ಲಿಯೂ ಕಿವಿಗೆ ಬಡಿಯಲಿಲ್ಲ. ಹಳೆಯ ಹಾಡನ್ನು ಹೊಸದರೊಳಗೆ ಹೀಗೆ ಸುಳಿಸುವುದು ಆಗದ ಕೆಲಸವೆಂದು ಎರಡು ವರ್ಷ ಹೇಳುತ್ತಲೇ ಬಂದಿದ್ದ ನಮ್ಮ ತಬಲಾದವರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಆದ್ದರಿಂದ ಇದನ್ನು ಬರೆದಿಡಬೇಕೆನ್ನಿಸಿತು.

ಆ ಜೋಗುಳ ನಮ್ಮ ಸೀಮೆಯಲ್ಲಿ ಚೆನ್ನಾಗಿ ಓಡಿದ ಹಾಡು. ನಾಟಕ ಸುಮಾರು 60 ಪ್ರದರ್ಶನ ಕಂಡಿತು, ಮರುವರ್ಷ ಕ್ಯಾಸೆಟ್ ಬಂತು, ಶಾಲಾ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಹಾಡಿದರು. ಹೊಸ ನಾಟಕ ಶರಾವತಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರ ಮೊಮ್ಮಕ್ಕಳ ಕಥೆ. ಹಳೆಯ ನಾಟಕದ ತಾಯಿ ತೊಟ್ಟಿಲು ತೂಗಿದ್ದು ಅಂಥದೇ ಒಂದು ಮನೆಯಲ್ಲಿ. ಹೊಸ ನಾಟಕದ ಹುಡುಗಿ ಆ ಮನೆಯನ್ನು ನೋಡಿದವಳಲ್ಲ. ಆದರೆ ಅವಳ ಹಾಡಿನಲ್ಲಿ ಆ ಮನೆಯ ದನಿ ಇರಬೇಕೆಂಬುದು ನನ್ನ ಹಟವಾಗಿತ್ತು.

ತಂಡದಲ್ಲಿ ಈ ಮಾತು ಎತ್ತಿದಾಗ ಬಂದ ಮೊದಲ ಪ್ರತಿಕ್ರಿಯೆ, "ಮೇಷ್ಟ್ರೇ, ಸರಕು ಮುಗೀತಾ?" ಎಂಬುದು. ಹಳೆಯದನ್ನು ಮತ್ತೆ ಮುಟ್ಟುವವನಿಗೆ ಹೊಸದು ಹೊಳೆಯುತ್ತಿಲ್ಲವೆಂಬ ತೀರ್ಮಾನ ನಮ್ಮಲ್ಲಿ ಬಹಳ ಬೇಗ ಆಗಿಬಿಡುತ್ತದೆ. ಯಕ್ಷಗಾನದಲ್ಲಿ ಒಂದೇ ಮಟ್ಟಿಗೆ, ಅಂದರೆ ಒಂದೇ ಸಿದ್ಧ ಧಾಟಿಗೆ, ಹತ್ತಾರು ಪ್ರಸಂಗಗಳ ಪದಗಳು ಕೂರುತ್ತವೆ, ಕಂಪನಿ ನಾಟಕಗಳ ಪದಗಳ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಬರೆದೇ ಇರುತ್ತಿತ್ತು. ಅಲ್ಲಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಆದರೆ ನನಗೆ ಬೇಕಾಗಿದ್ದುದು ಮಟ್ಟಲ್ಲ. ಮಟ್ಟಿನಲ್ಲಿ ಹಳೆಯ ಹಾಡು ಇಡಿಯಾಗಿ ಬಂದು ಕೂರುತ್ತದೆ. ಕೇಳುವವನಿಗೆ ಹಳೆಯದು ಸುಳಿದಂತಾಗಬೇಕು, ಕೈಗೆ ಮಾತ್ರ ಸಿಗಬಾರದು ಎನ್ನುವುದು ಬೇರೆಯೇ ಲೆಕ್ಕ.

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಜೋಗುಳದ ಪಲ್ಲವಿಯನ್ನು ಇದ್ದಂತೆಯೇ ಎತ್ತಿಕೊಂಡು ಹೊಸ ಮಾತು ಕೂರಿಸಿದ್ದೆ. ಪ್ರಯೋಗಕ್ಕೆಂದು ಒಂದು ಶಾಲೆಯ ಸಭಾಂಗಣದಲ್ಲಿ ಸುಮಾರು 150 ಜನರ ಎದುರು ಆಡಿದೆವು. ಹಾಡು ಶುರುವಾದ ಕೂಡಲೇ ಜನ ಗುರುತು ಹಿಡಿದರು, ಖುಷಿಪಟ್ಟರು, ಹಳೆಯ ಸಾಹಿತ್ಯವನ್ನೇ ಗಟ್ಟಿಯಾಗಿ ಹಾಡಿದರು. ನಟಿಯ ಹೊಸ ಮಾತು ಒಬ್ಬರಿಗೂ ಕೇಳಿಸಲಿಲ್ಲ. ಹುಡುಗಿ ಮುಳುಗಿದ ಮನೆಯ ಬಗ್ಗೆ ಹೇಳುತ್ತಿದ್ದರೆ ಸಭೆ ತೊಟ್ಟಿಲು ತೂಗುತ್ತಿತ್ತು. ದೃಶ್ಯ ಅಲ್ಲಿಗೆ ಮುಗಿಯಿತು.

ಎರಡನೆಯ ಪ್ರಯತ್ನದಲ್ಲಿ ಹಳೆಯ ಕ್ಯಾಸೆಟ್ಟಿನ ಧ್ವನಿಯನ್ನೇ ಎಂಟು ಸೆಕೆಂಡಿನಷ್ಟು ತುಂಡರಿಸಿ, ರೇಡಿಯೊದಿಂದ ಬಂದಂತೆ ದೃಶ್ಯದ ಹಿಂದೆ ಹಾಕಿದೆ. ಅದರ ಪ್ರಚಾರದ ವಿಡಿಯೊ ಯೂಟ್ಯೂಬಿಗೆ ಏರಿದ ಮರುದಿನವೇ ಕ್ಯಾಸೆಟ್ ಕಂಪನಿಯ ಹಕ್ಕಿನ ತಕರಾರು ಬಂತು. 1998ರಲ್ಲಿ ಎಂಟು ಹಾಡಿಗೆ ಸೇರಿಸಿ 5,000 ರೂಪಾಯಿ ತೆಗೆದುಕೊಂಡು ಒಂದು ಕಾಗದಕ್ಕೆ ಸಹಿ ಹಾಕಿದ್ದೆ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೆಂದೇ ಅನ್ನಿಸಿತ್ತು. ಹೆದರಿ ಫೋನ್ ಮಾಡಿದೆ. ಅವರು ರಾಗ ಸಂಯೋಜನೆಗೂ ಅನುಮತಿ ಬೇಕೆಂದರು. ನನ್ನದೇ ಹಾಡಿಗೆ ನಾನೇ 8,000 ರೂಪಾಯಿ ಕಟ್ಟಿದೆ. ವಿಡಿಯೊ ಮತ್ತೆ ಸಂಕಲನ ಮಾಡಿಸಲು ಇನ್ನೂ ಸುಮಾರು 6,000 ಹೋಯಿತು.

ಎರಡು ತಿಂಗಳ ಮೇಲೆ ಪರಿಚಯದ ವಕೀಲರೊಬ್ಬರಿಗೆ ಆ ಹಳೆಯ ಕಾಗದ ತೋರಿಸಿದೆ. ಅದರಲ್ಲಿ ಎಷ್ಟು ವರ್ಷಕ್ಕೆಂದು ಬರೆದೇ ಇರಲಿಲ್ಲ. ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮಿನ ಪ್ರಕಾರ, ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಾಗದಿದ್ದರೆ ಅದನ್ನು 5 ವರ್ಷವೆಂದೇ ತಿಳಿಯಬೇಕು. ಪ್ರದೇಶ ನಮೂದಾಗದಿದ್ದರೆ ಭಾರತಕ್ಕೆ ಮಾತ್ರ ಎಂದು. ಅಂದರೆ ನನ್ನ ರಾಗ ಸಂಯೋಜನೆಯ ಹಕ್ಕು 2003ರಲ್ಲೇ ನನ್ನ ಕೈಗೆ ಮರಳಿತ್ತು. ಧ್ವನಿಮುದ್ರಿಕೆ ಕಂಪನಿಯದು, ಅದನ್ನು ತುಂಡರಿಸಿ ಬಳಸಿದ್ದು ನನ್ನ ತಪ್ಪು. ಆದರೆ ಹಾಡನ್ನು ಹೊಸದಾಗಿ ಹಾಡಿಸಲು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಟ್ಟಿದ ಹಣ ಹಿಂದಿರುಗಲಿಲ್ಲ. ಕ್ಯಾಸೆಟ್ ಕಾಲದಲ್ಲಿ ಹಾಡು ಕೊಟ್ಟ ಗೆಳೆಯರೆಲ್ಲರೂ ತಮ್ಮ ಕಾಗದಗಳನ್ನು ಒಮ್ಮೆ ತೆಗೆದು ಓದಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮೂರನೆಯ ಸಲ ಜಾಣತನದಿಂದ ಹೊರಟೆ, ಅದೂ ಕೆಟ್ಟಿತು. ಸ್ವರಗಳನ್ನು ಒಂದೂ ಬದಲಿಸದೆ, ಆರು ಮಾತ್ರೆಯ, ಅಂದರೆ ಆರು ಎಣಿಕೆಯ, ದಾದ್ರಾ ತಾಳದಲ್ಲಿದ್ದ ಜೋಗುಳವನ್ನು ಎಂಟು ಮಾತ್ರೆಯ ಕೆಹರವಾಕ್ಕೆ ತಿರುಗಿಸಿ, ಲಯವನ್ನು ಸ್ವಲ್ಪ ಏರಿಸಿದೆ. ಸ್ವರವೇ ಹಾಡಿನ ಗುರುತು, ತಾಳ ಬರಿಯ ಅಂಗಿ ಎಂದು ನಂಬಿದ್ದವನು ನಾನು. ತಾಲೀಮಿನ ಕೋಣೆಗೆ ಹಳೆಯ ನಾಟಕ ನೋಡಿದ್ದ ಸುಮಾರು 20 ಜನರನ್ನು ಕರೆಸಿ, ಚಹಾ ಮಂಡಕ್ಕಿ ಕೊಟ್ಟು, ಏನೂ ಹೇಳದೆ ಕೇಳಿಸಿದೆ. ಗುರುತು ಹಿಡಿದವರು ಮೂರೋ ನಾಲ್ಕೋ ಜನ. ಒಬ್ಬರು ಯಾವುದೋ ಸಿನಿಮಾ ಹಾಡಿನಂತಿದೆ ಎಂದರು. ಸ್ವರ ಒಂದೂ ತಪ್ಪದೆ ಹಾಡು ಕಳೆದುಹೋಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದೇ ವಾರ ದೊಡ್ಡವರು ಇದನ್ನು ಹೇಗೆ ನಿಭಾಯಿಸಿದ್ದಾರೆಂದು ಕೂತು ಕೇಳಿದೆ. ಇಳಯರಾಜ ಅವರು 1981ರ 'ಗೀತಾ' ಚಿತ್ರದ 'ಜೊತೆಯಲಿ ಜೊತೆಜೊತೆಯಲಿ' ಹಾಡನ್ನು 1984ರಲ್ಲಿ ತಮಿಳಿಗೂ 2007ರಲ್ಲಿ 'ಚೀನಿ ಕಮ್' ಮೂಲಕ ಹಿಂದಿಗೂ ಒಯ್ದರು; ಅಲ್ಲಿ ಭಾಷೆ ಬೇರೆ, ಕೇಳುಗರು ಬೇರೆ, ಆದ್ದರಿಂದ ಪಲ್ಲವಿ ಇಡಿಯಾಗಿ ಹೋದರೂ ನಡೆಯಿತು. ನನ್ನ ಕೇಳುಗರು ಅದೇ ಊರಿನ ಅದೇ ಜನ, ಆ ದಾರಿ ನನಗಿರಲಿಲ್ಲ. ಬಾಖ್ 1733ರಲ್ಲಿ ರಾಣಿಯೊಬ್ಬಳ ಹುಟ್ಟುಹಬ್ಬಕ್ಕೆ ನಗಾರಿಗಳೇ ಮೊಳಗಿ ಎಂಬ ಅರ್ಥದ ಮಾತಿಗೆ ಸಂಗೀತ ಕಟ್ಟಿ, ಮರುವರ್ಷ ಅದೇ ಸಂಗೀತವನ್ನು ಕ್ರಿಸ್ಮಸ್ಸಿನ ಮೇಳಗಾನಕ್ಕೆ ತಂದಿದ್ದಾರೆ. ಮಾತು ಬದಲಾಯಿತು, ನಗಾರಿಯ ಉಲ್ಲೇಖ ಹೋಯಿತು, ಆದರೆ ಆರಂಭದ ನಗಾರಿಯ ಏಟು ಹಾಗೆಯೇ ಉಳಿಯಿತು. ಬೀಥೋವನ್ ತಮ್ಮ 1801ರ ನೃತ್ಯನಾಟಕದ ಒಂದು ರಾಗವನ್ನು ಮೂರನೆಯ ಸಿಂಫನಿಯ ಕೊನೆಯ ಭಾಗಕ್ಕೆ ತಂದಾಗ ರಾಗವನ್ನು ಮೊದಲು ಕೇಳಿಸುವುದೇ ಇಲ್ಲ. ಅದರ ಅಡಿಯ ಮಂದ್ರಸ್ವರಗಳನ್ನಷ್ಟೇ ಬಿಡಿಬಿಡಿಯಾಗಿ ಮೀಟಿಸಿ, ರಾಗವನ್ನು ಆಮೇಲೆ ಬಿಡುತ್ತಾರೆ. ಈ ಎರಡನ್ನು ಕೇಳಿದಾಗ ನನ್ನ ತಪ್ಪು ಕಣ್ಣಿಗೆ ಕಟ್ಟಿತು. ನಾನು ಉಳಿಸಬೇಕಾದುದನ್ನು ಬದಲಿಸಿ, ಬದಲಿಸಬೇಕಾದುದನ್ನು ಉಳಿಸಿದ್ದೆ.

ಜೋಗುಳದ ಎತ್ತುಗಡೆಯಲ್ಲಿ, ಅಂದರೆ ಹಾಡು ಶುರುವಾಗುವ ಬಗೆಯಲ್ಲಿ, ಒಂದು ವಿಶೇಷವಿತ್ತು. ಸಮ್, ಅಂದರೆ ತಾಳದ ಮೊದಲ ಏಟು, ಬಿದ್ದ ಮೇಲೆ ಒಂದು ಮಾತ್ರೆ ಖಾಲಿ ಬಿಟ್ಟು ಹಾಡು ಏಳುತ್ತಿತ್ತು. ತೊಟ್ಟಿಲು ತುದಿಗೆ ಹೋಗಿ ನಿಂತ ಕ್ಷಣದಂತೆ. ಸ್ವರದಲ್ಲಿ ಬರೆದರೆ ಆರು ಮಾತ್ರೆಗೆ ", ಗ ಪ ದ , ಸ" ಎಂದಾಗುತ್ತದೆ; ಅಲ್ಪವಿರಾಮವೆಂದರೆ ಹೊಸ ಸ್ವರವಿಲ್ಲದ ಮಾತ್ರೆ, ಕೊನೆಯದು ಮೇಲಿನ ಷಡ್ಜ. ಈ ಖಾಲಿ ಮಾತ್ರೆ, ಲಯದ ಈ ನಡೆ, ಧೈವತದ ನಂತರದ ಆ ತಡೆ, ಇಷ್ಟನ್ನು ಹಾಗೆಯೇ ಇಟ್ಟುಕೊಂಡು ರಾಗವನ್ನೇ ಬದಲಿಸಿದರೆ ಹೇಗೆ ಎಂದು ಯೋಚಿಸಿದೆ. ಸ್ವರಗಳನ್ನು ಹಾಗೆಯೇ ಇಟ್ಟು ಅವುಗಳಲ್ಲಿ ಬೇರೊಂದನ್ನು ಷಡ್ಜವೆಂದು ಹಿಡಿಯುವ ಗ್ರಹಭೇದ ಹಾಡುವವರಿಗೆಲ್ಲ ಗೊತ್ತಿರುವುದೇ. ಮೋಹನದ ರಿಷಭವನ್ನು ಷಡ್ಜ ಮಾಡಿದರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿದರೆ ಹಿಂದೋಳ. ನಾನು ರಿಷಭ ಹಿಡಿದೆ. ಅದೇ ಸಾಲು ", ರಿ ಮ ಪ , ನಿ" ಆಯಿತು. ಹಾರ್ಮೋನಿಯಂ ಮೇಲೆ ಬೆರಳು ಅವೇ ಮನೆಗಳ ಮೇಲೆ ಇರುತ್ತದೆ, ಶ್ರುತಿ, ಅಂದರೆ ಷಡ್ಜ ಕೂರುವ ಮನೆ, ಮಾತ್ರ ಕಪ್ಪು ಒಂದರಿಂದ (ಮೊದಲ ಕಪ್ಪು ಮನೆ) ಕಪ್ಪು ಎರಡಕ್ಕೆ ಏರುತ್ತದೆ. ನಟಿಯ ಗಂಟಲಿಗೆ ಹೊಸ ಹೊರೆ ಇಲ್ಲ, ಕಲಿಸುವ ಶ್ರಮವೂ ಕಡಿಮೆ. ಹಳೆಯ ಸಾಲು ಮೇಲಿನ ಷಡ್ಜಕ್ಕೆ ಮುಟ್ಟಿ ಮಗುವನ್ನು ಮಲಗಿಸುತ್ತಿತ್ತು. ಹೊಸ ಸಾಲು ನಿಷಾದದ ಮೇಲೆ ನಿಂತು ಮನೆ ಸೇರದೆ ಉಳಿಯುತ್ತದೆ. ನಾಟಕಕ್ಕೆ ಬೇಕಾಗಿದ್ದುದು ಅದೇ. ಸಾಲದ್ದಕ್ಕೆ ಮಧ್ಯಮಾವತಿ ಮಂಗಳಕ್ಕೆ ಹಾಡುವ ರಾಗ, ಕೊನೆಯ ದೃಶ್ಯಕ್ಕೆ ತಾನಾಗಿ ಒಪ್ಪಿತು. ಈ ಜೋಡಣೆ ಹೊಳೆದ ಸಂಜೆ ನಾನು ಹಾರ್ಮೋನಿಯಂ ಮುಚ್ಚಿ, ಕೆರೆ ಏರಿಯ ಮೇಲೆ ಒಂದು ಗಂಟೆ ಸುಮ್ಮನೆ ನಡೆದೆ. ಇಷ್ಟು ವರ್ಷಗಳಲ್ಲಿ ನಾನು ಕಟ್ಟಿದ ಸಾಲುಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲವೆಂದೇ ನನ್ನ ಭಾವನೆ.

ಅದೇ 20 ಜನರನ್ನು, ಒಂದಿಬ್ಬರು ತಪ್ಪಿರಬಹುದು, ಮತ್ತೆ ಕರೆಸಿದೆ. ಈ ಸಲ 14 ಜನ "ಇದನ್ನು ಎಲ್ಲೋ ಕೇಳಿದ್ದೇವೆ" ಎಂದರು. ಅವರಲ್ಲಿ ಆರೇಳು ಜನ ಜೋಗುಳದ ಹೆಸರನ್ನೇ ಹೇಳಿದರು. ಸ್ವರಸ್ಥಾನದ ಹೆಸರುಗಳೆಲ್ಲ ಬದಲಾದರೂ ನಡೆ ಉಳಿದಿದ್ದರಿಂದ ಗುರುತು ಉಳಿಯಿತು. ಹಿಂದೋಳದಲ್ಲೂ ಕಟ್ಟಿ ನೋಡಿದ್ದೆ, ಅಲ್ಲಿ ಸಾಲು "ಸ ಗ ಮ ದ" ಆಗುತ್ತದೆ. ಗುರುತು ಸಿಕ್ಕಿತು, ಆದರೆ ದುಃಖ ಅತಿಯಾಗಿ ದೃಶ್ಯ ಭಾರವಾಯಿತು, ಬಿಟ್ಟುಬಿಟ್ಟೆ. ವಾದ್ಯದ ವಿಚಾರದಲ್ಲಿಯೂ ಒಂದು ವಾರ ಕಳೆದೆ. ಹಳೆಯ ಹಾಡಿನ ನಡುವಿನ ತುಣುಕನ್ನು ಅಂದು ಮ್ಯಾಂಡೊಲಿನ್ ನುಡಿಸಿತ್ತು. ಅದನ್ನೇ ಕೊಳಲಿಗೆ ಕೊಟ್ಟಾಗ ಯಾರಿಗೂ ಏನೂ ಅನ್ನಿಸಲಿಲ್ಲ, ಮ್ಯಾಂಡೊಲಿನ್ನಿಗೇ ಮರಳಿಸಿದಾಗ ಮೂರನೆಯ ಮೀಟಿಗೇ ತಲೆಗಳು ಎದ್ದವು. ಇನ್ನೊಂದು ನಾಟಕಕ್ಕೆ 2004ರಲ್ಲಿ ಮಾಡಿದ, ನನಗೆ ಬಹಳ ಪ್ರಿಯವಾದ ಆದರೆ ನಾಲ್ಕೇ ಪ್ರದರ್ಶನಕ್ಕೆ ನಿಂತುಹೋದ ಹಾಡೊಂದರ ಎಳೆಯನ್ನೂ ಸೇರಿಸಿ ನೋಡಿದೆ. ಅದು ಸಭೆಗೆ ತಲುಪುವ ಸಂಭವವೇ ಇರಲಿಲ್ಲ. ಜನರ ಬಾಯಲ್ಲಿ ಬದುಕದ ಹಾಡಿಗೆ ಮರುದನಿ ಇಲ್ಲ. ಹಳೆಯ ನಟರಿಬ್ಬರು ಮಾತ್ರ ಹಿಡಿದರು, ಅವರಿಗಾಗಿ ಎರಡು ಮಾತ್ರೆಯಷ್ಟನ್ನು ಉಳಿಸಿಕೊಂಡಿದ್ದೇನೆ.

ಎಷ್ಟು ತೋರಿಸಬೇಕು ಎಂಬುದು ಕೊನೆಯವರೆಗೂ ಕಾಡಿತು. ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ನೀರಿಳಿದ ಬೇಸಿಗೆಗಳಲ್ಲಿ ಮೇಲೇಳುವುದನ್ನು ನಮ್ಮ ಕಡೆಯವರು ನೋಡಿದ್ದಾರೆ. ಮೊದಲು ಕಾಣುವುದು ಕಟ್ಟೆಯ ನೆತ್ತಿ ಮಾತ್ರ. ಅಷ್ಟಕ್ಕೇ ಉಳಿದ ಕಟ್ಟೆ ಕಣ್ಣ ಮುಂದೆ ಬರುತ್ತದೆ. ನಾನೂ ಹಾಗೆಯೇ ಮಾಡಿದೆ. ಮೊದಲ ಅಂಕದಲ್ಲಿ ರಾಗವೇ ಇಲ್ಲ, ದಿಮ್ಮಡಿಯೆಂಬ ಚರ್ಮವಾದ್ಯದಲ್ಲಿ ಜೋಗುಳದ ನಡೆ ಮಾತ್ರ, ಖಾಲಿ ಮಾತ್ರೆಯ ಸಮೇತ. ಎರಡನೆಯ ಅಂಕದಲ್ಲಿ ದೃಶ್ಯ ಬದಲಾಗುವಾಗ ಮ್ಯಾಂಡೊಲಿನ್ನಿನ ಐದಾರು ಸ್ವರ. ಕಂಠಕ್ಕೆ ಅದು ಬರುವುದು ಕೊನೆಯ ಹಾಡಿನಲ್ಲಿ, ಅದೂ ಪಲ್ಲವಿಯಲ್ಲಲ್ಲ, ಎರಡನೆಯ ಸಾಲಿನಲ್ಲಿ. ಪಲ್ಲವಿ ಪೂರ್ತಿ ಹೊಸದಾಗಿರಬೇಕು. ಜನ ಹೊಸ ಮಾತಿಗೆ ಕಿವಿಗೊಟ್ಟ ಮೇಲಷ್ಟೇ ಹಳೆಯದು ಸುಳಿಯಬೇಕು. ಸಾಗರದಲ್ಲಿ ಅವರು ಗುನುಗಿದರೂ ನಟಿಯ ಮಾತು ಸ್ಪಷ್ಟವಾಗಿ ಕೇಳಿದ್ದಕ್ಕೆ ಈ ಕ್ರಮವೇ ಕಾರಣ.

ಉಳಿದಿದ್ದ ದೊಡ್ಡ ತೊಡಕು ಶ್ರುತಿಯದು. ನಾಟಕದ ಹಾಡುಗಳೆಲ್ಲ ಕಪ್ಪು ಒಂದರಲ್ಲಿ ನಡೆದು, ಕೊನೆಯ ಹಾಡಿಗೆ ಏಕಾಏಕಿ ಕಪ್ಪು ಎರಡಾದರೆ ಸಭೆಗೆ ಅಪಶ್ರುತಿ ಎಂದೇ ಅನ್ನಿಸುತ್ತದೆ. ಮೊದಲ ಎರಡು ತಾಲೀಮಿನಲ್ಲಿ ಹಾಗೆಯೇ ಆಯಿತು, ನಟಿ ಎತ್ತುವಾಗಲೇ ಜಾರಿದಳು. ಶ್ರುತಿಪೆಟ್ಟಿಗೆ ನಿಲ್ಲಿಸಿ ಮತ್ತೆ ಹಚ್ಚಿದರೆ ಕಟ್ಟಿಕೊಂಡ ಮೌನ ಒಡೆಯುತ್ತದೆ. ಸುಮಾರು 15 ದಿನ ಹೆಚ್ಚುವರಿ ತಾಲೀಮು ಹಾಕಬೇಕಾಯಿತು; ಮೂವರು ವಾದ್ಯದವರಿಗೆ ದಿನಕ್ಕೆ ತಲಾ 500ರಂತೆ ಅದೇ 22,500 ರೂಪಾಯಿ ಆಯಿತು. ಕಂಪನಿಗೆ ಕಟ್ಟಿದ್ದು, ವಿಡಿಯೊ, ಇದು ಎಲ್ಲ ಸೇರಿ ಈ ಒಂದು ಎಳೆಗೆ ನನ್ನ ಕೈಯಿಂದ 37,000ದ ಹತ್ತಿರ ಹೋಗಿದೆ. ಸಂಗೀತಕ್ಕೆ ನನಗೆ ಬಂದ ಸಂಭಾವನೆ 25,000. ಕೊನೆಗೆ ಶ್ರುತಿ ಬದಲಾಗುವ ಜಾಗ ಸಭೆಗೆ ತಿಳಿಯದಂತೆ ಒಂದು ಉಪಾಯ ಸಿಕ್ಕಿತು. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಪ್ರದರ್ಶನಕ್ಕೆ ಬಂದು ಮೂರನೆಯ ಅಂಕದ ದೋಣಿಯ ದೃಶ್ಯವನ್ನು ಕಿವಿಗೊಟ್ಟು ಕೇಳಿದವರಿಗೆ ತಾನಾಗಿ ಸಿಕ್ಕೀತು. ಎರಡನೆಯ ಅಂಕದ ಮ್ಯಾಂಡೊಲಿನ್ ತುಣುಕನ್ನು ಯಾವ ಸ್ವರದ ಮೇಲೆ ನಿಲ್ಲಿಸಿದ್ದೇನೆಂಬುದನ್ನೂ ಹೇಳುವುದಿಲ್ಲ.

ಇಲ್ಲಿಯವರೆಗೆ 11 ಪ್ರದರ್ಶನಗಳಾಗಿವೆ. ಒಂದೆರಡು ಕಡೆ, ಅಂದರೆ ಹಳೆಯ ನಾಟಕ ಹೋಗದ ಊರುಗಳಲ್ಲಿ, ಗುನುಗು ಏಳಲಿಲ್ಲ. ಅಲ್ಲಿಯೂ ಹಾಡು ಹಾಡಾಗಿಯೇ ನಿಂತಿತು, ಯಾರಿಗೂ ಏನೂ ಕೊರತೆ ಕಾಣಲಿಲ್ಲ. ತಬಲಾದವರು ಈಗ ತಮ್ಮ ಭಜನೆ ತಂಡದ ಹಳೆಯ ಪದವೊಂದನ್ನು ತಂದು, ಇದರ ನಡೆಯಲ್ಲಿ ಯಾವ ಮಾತ್ರೆ ಬಿಡಬೇಕು ಮೇಷ್ಟ್ರೇ ಎಂದು ಕೇಳುತ್ತಿದ್ದಾರೆ. ನಾನು ಪ್ರತಿ ಹೊಸ ಹಾಡಿಗೂ ಒಂದು ಪುಟ ಮೀಸಲಿಟ್ಟು ಎತ್ತುಗಡೆ, ನಡೆ, ನಡುವಿನ ತುಣುಕು ನುಡಿಸಿದ ವಾದ್ಯ, ಶ್ರುತಿ, ಸಹಿ ಹಾಕಿದ ಕಾಗದದ ಅವಧಿ ಎಲ್ಲವನ್ನೂ ಬರೆದಿಡುತ್ತಿದ್ದೇನೆ. 1997ರಿಂದ 2009ರವರೆಗಿನ ಹಾಡುಗಳಿಗೆ ಅಂಥ ದಾಖಲೆ ಇರಲಿಲ್ಲ. ಅವುಗಳಲ್ಲಿ 30ರಷ್ಟನ್ನು ಹಳೆಯ ನಟರ ಮನೆಗೆ ಹೋಗಿ, ಅವರ ಬಾಯಿಂದ ಹಾಡಿಸಿ ಬರೆದುಕೊಂಡಿದ್ದೇನೆ. ಇನ್ನೂ 40 ಬಾಕಿ ಇವೆ.