ಫನ್‌ಕ್ಯೂಬ್ ಉಪಗ್ರಹದ ಸಂಕೇತವನ್ನು ತರಗತಿಯಲ್ಲಿ ಹಿಡಿಯುವ ಬಗೆ

ಶಾಲಾ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ಆಮ್ಸ್ಯಾಟ್-ಯುಕೆ ಮತ್ತು ಆಮ್ಸ್ಯಾಟ್-ಎನ್‌ಎಲ್ ಎಂಬ ಹವ್ಯಾಸಿ ರೇಡಿಯೊ ಸಂಘಟನೆಗಳು ರೂಪಿಸಿದ ಫನ್‌ಕ್ಯೂಬ್-1, ಪ್ರತಿ ಬದಿಯೂ ಸುಮಾರು 10 ಸೆಂ.ಮೀ. ಇರುವ ಪುಟ್ಟ ಘನಾಕಾರದ ಉಪಗ್ರಹ. 2013ರ ನವೆಂಬರ್ 21ರಂದು ರಷ್ಯಾದ ಯಾಸ್ನಿಯಿಂದ ಕಕ್ಷೆಗೇರಿದ ಇದನ್ನು ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ಬಳಕೆದಾರರು) ಎಒ-73 ಎಂದೂ ಕರೆಯುತ್ತಾರೆ. ಇದಕ್ಕೀಗ ವಯಸ್ಸಾಗಿದೆ, ಆದ್ದರಿಂದ ಮಕ್ಕಳಿಗೆ ದಿನ ಗೊತ್ತುಪಡಿಸುವ ಮೊದಲು ಉಪಗ್ರಹದ ಸದ್ಯದ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಉಪಗ್ರಹವು ಟೆಲಿಮೆಟ್ರಿಯನ್ನು, ಅಂದರೆ ತನ್ನ ಸ್ಥಿತಿಗತಿಯ ಅಳತೆಗಳನ್ನು, 145.935 ಮೆಗಾಹರ್ಟ್ಸ್‌ನಲ್ಲಿ ಕಳುಹಿಸುತ್ತದೆ. ಬಿಸಿಲಿನಲ್ಲಿರುವಾಗ ಸುಮಾರು 300 ಮಿಲಿವ್ಯಾಟ್ ಶಕ್ತಿಯಿಂದ ಪ್ರಸಾರ ಮಾಡುವಂತೆಯೂ, ಭೂಮಿಯ ನೆರಳಿಗೆ ಹೋದಾಗ ಆ ಶಕ್ತಿಯನ್ನು ತಗ್ಗಿಸಿ ಹ್ಯಾಮ್‌ಗಳ ಸಂಭಾಷಣೆಗೆ ಟ್ರಾನ್ಸ್‌ಪಾಂಡರನ್ನು (ಬಂದ ಸಂಕೇತವನ್ನು ಮರುಪ್ರಸಾರ ಮಾಡುವ ಸಾಧನವನ್ನು) ತೆರೆಯುವಂತೆಯೂ ಅದನ್ನು ರೂಪಿಸಲಾಗಿದೆ. ಶಾಲೆಯ ವೇಳೆ ಹಗಲೇ ಆದ್ದರಿಂದ ಈ ಏರ್ಪಾಡು ನಮಗೆ ಅನುಕೂಲಕರ. ಟ್ರಾನ್ಸ್‌ಪಾಂಡರಿನ ಮೂಲಕ ಮಾತನಾಡಲು ಹ್ಯಾಮ್ ಪರವಾನಗಿ ಬೇಕು. ಇಲ್ಲಿ ನಾವು ಮಾಡುವುದು ಕೇಳುವ ಕೆಲಸ ಮಾತ್ರ.

ಆಂಟೆನಾಕ್ಕೆ ದುಬಾರಿ ಸಾಮಗ್ರಿ ಬೇಕಿಲ್ಲ. ತಲಾ 49 ಸೆಂ.ಮೀ. ಉದ್ದದ ಎರಡು ಲೋಹದ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ, ನೆಲಕ್ಕೆ ಸಮಾನಾಂತರವಾಗಿ, ಒಂದಕ್ಕೊಂದು ತಾಗದಂತೆ ಕೂರಿಸಿ, ಒಂದಕ್ಕೆ ಕೋಆಕ್ಸಿಯಲ್ ಕೇಬಲ್ಲಿನ ಒಳತಂತಿಯನ್ನೂ ಇನ್ನೊಂದಕ್ಕೆ ಅದರ ಹೊರಜಾಲರಿಯನ್ನೂ ಬೆಸೆದರೆ ಸಾಕು. ಕೇಬಲ್ ಗಿಡ್ಡವಾಗಿರಲಿ. ಆಂಟೆನಾವನ್ನು ತರಗತಿಯೊಳಗೆ ಇಟ್ಟು ನಿರಾಶರಾಗುವ ಬದಲು ತಾರಸಿಗೋ ಬಯಲಿಗೋ ಒಯ್ಯಿರಿ. ಅದನ್ನು ಕಂಪ್ಯೂಟರಿಗೆ ಜೋಡಿಸಲು ಫನ್‌ಕ್ಯೂಬ್ ಡಾಂಗಲ್ ಎಂಬ ಯುಎಸ್‌ಬಿ ರಿಸೀವರ್ ಇದೆ. ಸಂಕೇತವನ್ನು ಅಂಕಿಗಳಾಗಿ ಬಿಡಿಸಲು ಡ್ಯಾಶ್‌ಬೋರ್ಡ್ ಎಂಬ ಉಚಿತ ವಿಂಡೋಸ್ ತಂತ್ರಾಂಶವನ್ನು ಬಳಸಬೇಕು.

ಉಪಗ್ರಹಗಳ ಪಟ್ಟಿಯಲ್ಲಿ ಇದರ ಸೂಚಿ ಸಂಖ್ಯೆ 39444. ಅದನ್ನು ಕಕ್ಷೆ ಲೆಕ್ಕ ಹಾಕುವ ಯಾವುದೇ ತಂತ್ರಾಂಶಕ್ಕೆ ಕೊಟ್ಟು, ದಿಗಂತದಿಂದ 30 ಡಿಗ್ರಿಗಿಂತ ಮೇಲೇರುವ ಹಾದುಹೋಗುವಿಕೆಯನ್ನು ಆರಿಸಿಕೊಳ್ಳಿ. ಕೈಯಲ್ಲಿರುವುದು ಹತ್ತು-ಹನ್ನೆರಡು ನಿಮಿಷ ಮಾತ್ರವಾದ್ದರಿಂದ ಎಲ್ಲ ಜೋಡಣೆಯನ್ನೂ ಮೊದಲೇ ಮುಗಿಸಿರಬೇಕು. ಉಪಗ್ರಹ ಸಮೀಪಿಸುವಾಗ ಡಾಪ್ಲರ್ ಪರಿಣಾಮದಿಂದ ಆವರ್ತನವು ಸುಮಾರು 3 ಕಿಲೋಹರ್ಟ್ಸ್ ಹೆಚ್ಚಾಗಿ ಕಾಣುತ್ತದೆ, ದೂರ ಸರಿಯುವಾಗ ಅಷ್ಟೇ ಕಡಿಮೆಯಾಗುತ್ತದೆ. ಪರದೆಯ ಮೇಲೆ ಓರೆಯಾಗಿ ಜಾರುವ ಆ ಗೆರೆಯನ್ನು ತೋರಿಸಿದರೆ, ಪಠ್ಯದಲ್ಲಿ ಓದಿದ ಡಾಪ್ಲರ್ ಪರಿಣಾಮ ಮಕ್ಕಳ ಕಣ್ಣಮುಂದೆಯೇ ನಡೆಯುತ್ತದೆ. ಪ್ರತಿ ಐದು ಸೆಕೆಂಡಿಗೆ ಒಂದು ಕಂತು ಮಾಹಿತಿ ಬರುತ್ತದೆ. ಒಂದೆರಡು ಕಂತು ತಪ್ಪಿದರೆ ಗಾಬರಿ ಬೇಡ.

ನನ್ನ ಅಭಿಪ್ರಾಯದಲ್ಲಿ ನಿಜವಾದ ಪಾಠ ಆರಂಭವಾಗುವುದು ಉಪಗ್ರಹ ಮರೆಯಾದ ಮೇಲೆ. ಬ್ಯಾಟರಿಯ ವೋಲ್ಟೇಜು, ಸೌರಫಲಕಗಳ ವಿದ್ಯುತ್ತು ಇವುಗಳೊಂದಿಗೆ ಕಪ್ಪು ಮೇಲ್ಮೈ ಮತ್ತು ಹೊಳೆಯುವ ಮೇಲ್ಮೈಗಳ ಉಷ್ಣತೆಯೂ ಟೆಲಿಮೆಟ್ರಿಯಲ್ಲಿರುತ್ತದೆ. ಪ್ರಯೋಗಾಲಯದಲ್ಲಿ ಬಿಸಿನೀರು ತುಂಬಿ ಮಾಡುವ ಲೆಸ್ಲಿ ಘನದ (ಬೇರೆಬೇರೆ ಮೇಲ್ಮೈಗಳು ಎಷ್ಟು ಶಾಖ ಹೊರಸೂಸುತ್ತವೆಂದು ತೋರಿಸುವ ಡಬ್ಬಿಯ) ಪ್ರಯೋಗದ ಬಾಹ್ಯಾಕಾಶ ರೂಪ ಇದು. ಅಲ್ಲದೆ, ನಿಮಿಷಕ್ಕೊಮ್ಮೆ ದಾಖಲಿಸಿದ 104 ನಿಮಿಷಗಳ ಅಳತೆಗಳನ್ನೂ ಉಪಗ್ರಹ ಕಳುಹಿಸುವುದರಿಂದ, ನಮಗೆ ಕೇಳಿಸದ ನೆರಳಿನ ಭಾಗದ ಅಂಕಿಗಳೂ ದೊರೆಯುತ್ತವೆ. ಅವುಗಳಿಂದ ಮಕ್ಕಳೇ ನಕ್ಷೆ ಬರೆಯಲಿ. ಫಲಕಗಳ ವಿದ್ಯುತ್ತು ಥಟ್ಟನೆ ಕುಸಿಯುವ ಹಾಗೂ ಮತ್ತೆ ಏರುವ ಬಿಂದುಗಳನ್ನು ಗುರುತಿಸಿ, ಉಪಗ್ರಹ ನೆರಳಿನಲ್ಲಿ ಎಷ್ಟು ನಿಮಿಷ ಇತ್ತೆಂದು ಲೆಕ್ಕ ಹಾಕಲಿ. ಆ ಅವಧಿಯಲ್ಲಿ ಎರಡು ಮೇಲ್ಮೈಗಳಲ್ಲಿ ಯಾವುದು ಬೇಗ ತಣ್ಣಗಾಯಿತೆಂಬುದನ್ನೂ ಅದೇ ನಕ್ಷೆಯಿಂದ ಓದಿಕೊಳ್ಳಬಹುದು.